ಹಳೆಯ ಕಾರಿನ ಹೊಸ ಯಜಮಾನ

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಜಯನಗರದಲ್ಲೋ ಬನಶಂಕರಿಯಲ್ಲೋ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನೀವು ನಡೆದು ಹೋಗುತ್ತಿದ್ದರೆ ಈ ನೋಟ ಕಣ್ಣಿಗೆ ಬೀಳದೆ ಇರದು. ಹೊಂಗೆಯ ಮರದ ನೆರಳಿನಲ್ಲಿ ಒಂದು ಸಣ್ಣ ಕಾರು ನಿಂತಿದೆ. ಅದರ ಸುತ್ತ ನಾಲ್ಕೈದು ಜನ. ಮನೆಯ ಯಜಮಾನರು ಟೈರನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದಾರೆ. ಹಾಗೆ ತಟ್ಟಿದ್ದರಿಂದ ಏನು ತಿಳಿಯಿತೆಂದು ಅವರನ್ನು ಕೇಳಬಾರದು. ಮನೆಯಾಕೆ ಹಿಂದಿನ ಸೀಟಿನಲ್ಲಿ ಕುಳಿತು, ಅತ್ತೆಯವರಿಗೆ ಹತ್ತಿ ಇಳಿಯಲು ಆದೀತೆ ಎಂದು ಯೋಚಿಸುತ್ತಿದ್ದಾರೆ. ಹುಡುಗ ಆಗಲೇ ಸ್ಟೀರಿಂಗು ಹಿಡಿದು ಮನಸ್ಸಿನಲ್ಲಿ ಮೈಸೂರು ತಲುಪಿದ್ದಾನೆ. ಪರಿಚಯದ ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ, ನಾಡಿ ಹಿಡಿದ ವೈದ್ಯನಂತೆ ಎಂಜಿನಿನ ಸದ್ದಿಗೆ ಕಿವಿಗೊಟ್ಟಿದ್ದಾನೆ. ಮಾರುವವರು ಪಕ್ಕದಲ್ಲಿ ನಿಂತು ಹೇಳುವ ಮಾತು ಒಂದೇ: “ಒಂದೇ ಕೈ ಓಡಿಸಿದ್ದು ಸಾರ್. ಆಫೀಸು, ಮನೆ, ವರ್ಷಕ್ಕೊಂದು ಸಲ ಧರ್ಮಸ್ಥಳ. ಅಷ್ಟೇ.”

ಈ ವ್ಯಾಪಾರ ಇಂದು ನಿನ್ನೆಯದಲ್ಲ. ನಮ್ಮ ಊರಿನ ಮಧ್ಯಮ ವರ್ಗದ ಸಂಸಾರಗಳಿಗೆ ಕಾರು ಕೊಳ್ಳುವುದೆಂದರೆ ಬಹಳ ಕಾಲ ಹಳೆಯ ಕಾರು ಕೊಳ್ಳುವುದೆಂದೇ ಅರ್ಥವಾಗಿತ್ತು. ಆ ಹಳೆಯ ಕಾರಿನ ಬೆಲೆಯನ್ನು ಅದರ ವಯಸ್ಸೊಂದೇ ನಿರ್ಧರಿಸಿತೆಂದು ತಿಳಿಯಬೇಡಿ. ಒಮ್ಮೆ ಯುದ್ಧ ಅದನ್ನು ನಿರ್ಧರಿಸಿತು, ಒಮ್ಮೆ ಸರ್ಕಾರದ ಕಟ್ಟಳೆ ನಿರ್ಧರಿಸಿತು, ಒಮ್ಮೆ ದೂರದ ಹರಿಯಾಣದಲ್ಲಿ ತೆರೆದ ಒಂದು ಕಾರಖಾನೆ ನಿರ್ಧರಿಸಿತು. ಹಳೆಯ ಕಾರು ಕೊಳ್ಳುವವರು ಎರಡು ವಸ್ತುಗಳನ್ನು ಕೊಳ್ಳುತ್ತಾರೆ: ಒಂದು ಕಬ್ಬಿಣ, ಇನ್ನೊಂದು ಕಾಗದದ ಮೇಲಿನ ಹೆಸರು. ಕಬ್ಬಿಣವನ್ನು ನಾವು ತಟ್ಟಿ ಬಡಿದು ನೋಡುತ್ತೇವೆ. ಹೆಸರಿನ ಮಾತು ಬಂದಾಗ ಮಾತ್ರ “ಆಮೇಲೆ ಮಾಡಿಸಿದರಾಯಿತು ಬಿಡಿ” ಎಂದುಬಿಡುತ್ತೇವೆ. ಈ ಉದಾಸೀನ ನಮಗೆ ಎಲ್ಲಿಂದ ಬಂತು, ಅದರಿಂದ ಇಂದು ಏನು ಅಪಾಯ ಎಂಬುದನ್ನು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಪರದೇಶದವು. ಇಂಗ್ಲೆಂಡಿನ ಆಸ್ಟಿನ್ ಕಂಪನಿ 1922ರಲ್ಲಿ ಹೊರತಂದ ಪುಟ್ಟ ಕಾರಿಗೆ ‘ಬೇಬಿ ಆಸ್ಟಿನ್’ ಎಂಬ ಮುದ್ದಿನ ಹೆಸರಿತ್ತು. ಸಾಧಾರಣ ವರಮಾನದ ಸಂಸಾರವೂ ಕಾರು ಇಟ್ಟುಕೊಳ್ಳಬಹುದೆಂಬ ಆಸೆಯನ್ನು ಹುಟ್ಟಿಸಿದವುಗಳಲ್ಲಿ ಅದು ಮುಖ್ಯವಾದದ್ದು. ಬೆಂಗಳೂರಿಗೆ ಒಂದು ಅನುಕೂಲವಿತ್ತು. ಇದು ದಂಡು ಮತ್ತು ಪೇಟೆ ಎರಡೂ ಇದ್ದ ಊರು. ದಂಡಿನ ಅಧಿಕಾರಿಗೆ ವರ್ಗವಾದರೆ, ಅಥವಾ ನಿವೃತ್ತಿಯಾಗಿ ಸ್ವದೇಶಕ್ಕೆ ಹೊರಟರೆ, ಕಾರನ್ನು ಹಡಗಿಗೆ ಹೇರಿಕೊಂಡು ಹೋಗುವುದು ಲಾಭದ ಮಾತಲ್ಲ. ಹಾಗೆ ಬಿಟ್ಟುಹೋದ ಕಾರುಗಳಿಗೆ ಬಸವನಗುಡಿ, ಚಾಮರಾಜಪೇಟೆಗಳ ವಕೀಲರೂ ಡಾಕ್ಟರುಗಳೂ ಹೊಸ ಯಜಮಾನರಾದರು. ಅಂದು ಕೊಳ್ಳುವವರು ಕಡಮೆ, ಮಾರುವವರು ಅವಸರದಲ್ಲಿದ್ದವರು. ಆದ್ದರಿಂದ ಹಳೆಯ ಕಾರು ಹಳೆಯ ಕಾರಿನ ಬೆಲೆಗೇ ದೊರೆಯುತ್ತಿತ್ತು.

ಎರಡನೆಯ ಮಹಾಯುದ್ಧ ಬಂದು ಈ ಲೆಕ್ಕವನ್ನು ಕೆಡಿಸಿತು. ಪೆಟ್ರೋಲಿಗೆ ರೇಷನ್ನಾಯಿತು. ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಅನಿಲದಿಂದ ಓಡಿದವು. ಇಟ್ಟಿಗೆ ಕೊಟ್ಟು ಎತ್ತಿ ನಿಲ್ಲಿಸಿದ ಕಾರುಗಳು ಷೆಡ್ಡುಗಳಲ್ಲಿ ಧೂಳು ತಿಂದವು. ಆ ಕಾಲದಲ್ಲೇ ಒಂದು ಕನಸು ನಮ್ಮ ಊರಿನ ಬಾಗಿಲಿಗೆ ಬಂದು ಹಿಂದಿರುಗಿತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡಿಕೊಂಡು ಬಂದು, ಭಾರತದಲ್ಲೇ ಕಾರು ತಯಾರಿಸಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಉದ್ಯಮಿ ವಾಲ್ಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನವೂ ಒಲವು ತೋರಿತು. ಆದರೆ ಅಂದಿನ ಭಾರತ ಸರ್ಕಾರದ ಅನುಗ್ರಹ ದೊರೆಯಲಿಲ್ಲ. ವಾಲ್ಚಂದರು ಬೆಂಗಳೂರಿನಲ್ಲಿ ಕಾರಿನ ಬದಲು ವಿಮಾನದ ಕಾರಖಾನೆ ತೆರೆದರು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿದ್ದು ಹೀಗೆ. ಅವರ ಕಾರಿನ ಕಂಪನಿ, ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಮುಂದೆ ನಮ್ಮ ಊರಿನ ರಸ್ತೆಗಳನ್ನೆಲ್ಲ ತುಂಬಿದ ಫಿಯಟ್ ಕಾರು ಬಂದದ್ದು ಆ ಕಾರಖಾನೆಯಿಂದಲೇ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಡಿಗಲ್ಲಿಟ್ಟರು. ಅದರ ಗುರುತಾಗಿ ಅಶೋಕ ಸ್ತಂಭ ಇಂದಿಗೂ ನಿಂತಿದೆ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಈ ಬಡಾವಣೆ ಆಗ ಊರಿನ ದಕ್ಷಿಣದ ಅಂಚು. ಅಗಲವಾದ ರಸ್ತೆಗಳು, ಸಾಲುಮರಗಳು, ಮನೆಯ ಮುಂದೆ ತೋಟಕ್ಕೆ ಜಾಗ, ಇವೆಲ್ಲ ಇದ್ದವು. ಇಲ್ಲದೆ ಇದ್ದದ್ದು ಸಮೀಪ. ಕಚೇರಿ, ಕೋರ್ಟು, ಮಾರುಕಟ್ಟೆಗಳು ಪೇಟೆಯಲ್ಲೇ ಉಳಿದವು. ಸೈಕಲ್ಲು ತುಳಿಯಬೇಕು, ಇಲ್ಲವೆ ಬಸ್ಸಿಗೆ ಕಾಯಬೇಕು. 1940ರಲ್ಲಿ ಆರಂಭವಾದ ಖಾಸಗಿ ಬಸ್ ಕಂಪನಿಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಅದೇ ನಮ್ಮ ಹಿರಿಯರು ಹೇಳುವ ಬಿ.ಟಿ.ಎಸ್. ಬಸ್ಸು. ಅದರ ಬಾಗಿಲಿಗೆ ಜೋತುಬಿದ್ದು ಮನೆಗೆ ಬಂದ ಗೃಹಸ್ಥರ ಮನಸ್ಸಿನಲ್ಲಿ ಕಾರಿನ ಆಸೆ ಮೊಳೆತರೆ ಅದು ಅವರ ತಪ್ಪಲ್ಲ.

ಆದರೆ ಕಾರು ಎಲ್ಲಿ? 1953ರಲ್ಲಿ ಭಾರತ ಸರ್ಕಾರ ಒಂದು ತೀರ್ಮಾನ ಮಾಡಿತು. ಬಿಡಿಭಾಗಗಳನ್ನು ತರಿಸಿ ಜೋಡಿಸಿ ಮಾರುವ ಕಂಪನಿಗಳಿಗೆ ಇನ್ನು ಎಡೆಯಿಲ್ಲ. ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿದ್ದವರಿಗೆ ಮಾತ್ರ ಅವಕಾಶ. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಬಾಗಿಲು ಹಾಕಿಕೊಂಡು ಹೊರಟವು. ಸಂಸಾರಸ್ಥರು ಆರಿಸಿಕೊಳ್ಳಲು ಉಳಿದದ್ದು ಮೂರೇ ಕಂಪನಿ: ಕಲ್ಕತ್ತೆಯ ಹಿಂದೂಸ್ಥಾನ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಸ್ವದೇಶೀ ಕೈಗಾರಿಕೆ ಬೆಳೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಕಾರು ತಯಾರಾಗುತ್ತಿದ್ದದ್ದು ಕೆಲವೇ ಸಾವಿರ, ಕೇಳುತ್ತಿದ್ದವರು ಅದರ ಹಲವು ಪಟ್ಟು. ಹೀಗಾಗಿ 1959ರಲ್ಲಿ ಮೋಟಾರು ಕಾರುಗಳ ಹಂಚಿಕೆ ಮತ್ತು ಮಾರಾಟದ ನಿಯಂತ್ರಣಾಜ್ಞೆ ಬಂತು. ಕಾರು ಬೇಕಾದವರು ಹೆಸರು ನೋಂದಾಯಿಸಿ, ಸರದಿ ಬರುವವರೆಗೆ ಕಾಯಬೇಕಾಯಿತು. ಫಿಯಟ್ ಕಾರಿಗಂತೂ ಆ ಕಾಯುವಿಕೆ ವರ್ಷಗಟ್ಟಲೆ ಸಾಗುತ್ತಿತ್ತು. ಮಗಳು ಹುಟ್ಟಿದಾಗ ಹೆಸರು ಬರೆಸಿದರೆ ಅವಳ ಮದುವೆಗೆ ಕಾರು ಬಂದೀತು ಎಂದು ಜನ ನಗುತ್ತಿದ್ದರು.

ಇಲ್ಲಿ ಅರ್ಥಶಾಸ್ತ್ರ ತಲೆಕೆಳಗಾಗಿ ನಿಂತಿತು. ಹೊಸ ಕಾರಿಗೆ ನಿಗದಿಯಾದ ಬೆಲೆ, ಆದರೆ ಕಾರು ಕೈಗೆ ಬರುವುದು ಎಂದೋ. ಹಳೆಯ ಕಾರು ಈ ಕ್ಷಣವೇ ಸಿಗುತ್ತದೆ, ಅದಕ್ಕೆ ನಿಗದಿಯಾದ ಬೆಲೆಯಿಲ್ಲ. ಹೀಗಾಗಿ ಸ್ವಲ್ಪ ಓಡಿದ ಫಿಯಟ್ ಕಾರು ಅಂಗಡಿಯ ಹೊಸ ಕಾರಿಗಿಂತ ಹೆಚ್ಚಿನ ಬೆಲೆಗೆ ಕೈಬದಲಾಯಿಸುವುದು ಸಾಮಾನ್ಯವಾಯಿತು. ನೀವು ಇಂದು ನಿಮ್ಮ ಮಕ್ಕಳಿಗೆ ಈ ಮಾತು ಹೇಳಿದರೆ ಅವರು ನಂಬಲಾರರು. ಉಪಯೋಗಿಸಿದ ವಸ್ತುವಿನ ಬೆಲೆ ಇಳಿಯಬೇಕು ತಾನೆ? ಅಂದು ಇಳಿಯಲಿಲ್ಲ, ಏಕೆಂದರೆ ಕೊಳ್ಳುವವರು ಹಣ ತೆತ್ತದ್ದು ಕಾರಿಗಲ್ಲ, ಕಾಯದೆ ಇರುವ ಸೌಕರ್ಯಕ್ಕೆ.

ಇದನ್ನು ತಡೆಯಲೆಂದೇ ಆ ಆಜ್ಞೆಯಲ್ಲಿ ಒಂದು ಕಟ್ಟಳೆ ಇತ್ತು. ಸರದಿಯಲ್ಲಿ ಹೊಸ ಕಾರು ಪಡೆದವರು ಅಪ್ಪಣೆಯಿಲ್ಲದೆ ಎರಡು ವರ್ಷ ಅದನ್ನು ಮಾರುವಂತಿಲ್ಲ. ಕಟ್ಟಳೆ ಇದ್ದಲ್ಲಿ ಒಳದಾರಿಯೂ ಇರುತ್ತದೆ. ಕಾರು ಒಬ್ಬರ ಮನೆಯ ಮುಂದೆ ನಿಲ್ಲುತ್ತದೆ, ನೋಂದಣಿ ಪುಸ್ತಕದಲ್ಲಿ ಇನ್ನೊಬ್ಬರ ಹೆಸರಿರುತ್ತದೆ. ಮಾರಿದವರು ಖಾಲಿ ಫಾರಂಗಳಿಗೆ ರುಜು ಹಾಕಿ ಕೊಟ್ಟಿರುತ್ತಾರೆ. ಕೊಂಡವರು ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಇಬ್ಬರ ನಡುವೆ ನಂಬಿಕೆಯೊಂದೇ ಪತ್ರ. ಮಾರಾಟವೆಂದರೆ ಹಣ ಮತ್ತು ಬೀಗದ ಕೈ ಬದಲಾಗುವುದು, ಹೆಸರು ಬದಲಾಗುವುದು ನಿಧಾನವಾಗಿ ಆಗಬಹುದಾದ ಕೆಲಸ ಎಂಬ ಅಭ್ಯಾಸಕ್ಕೆ ಆ ಕಾಲ ನೀರೆರೆಯಿತು. ಕಟ್ಟಳೆ ಹೋಯಿತು, ಅಭ್ಯಾಸ ಉಳಿಯಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರಬೇಕಾಗಿದೆ.

ಆ ಮೂರು ಕಾರುಗಳ ಗುಣವನ್ನು ಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. 1957ರಲ್ಲಿ ಬಂದ ಅಂಬಾಸಿಡರ್ ದೊಡ್ಡ ಸಂಸಾರದ ಕಾರು. ಹಿಂದೆ ನಾಲ್ವರು, ಅವರ ತೊಡೆಯ ಮೇಲೆ ಮತ್ತಿಬ್ಬರು. ಪೆಟ್ರೋಲಿನ ಹಸಿವೂ ಅದಕ್ಕೆ ತಕ್ಕಂತೆ. 1954ರಿಂದ ಬಂದ ಫಿಯಟ್ 1100 ಮಿತವ್ಯಯದ ಕಾರು. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ, ಆರಂಭದ ಮಾದರಿಗಳಲ್ಲಿ ಹಿಂದಿನಿಂದ ತೆರೆದುಕೊಳ್ಳುವ ಮುಂಬಾಗಿಲು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಮದರಾಸಿನಿಂದ 1961ರಲ್ಲಿ ಬಂದ ಸ್ಟ್ಯಾಂಡರ್ಡ್ ಹೆರಾಲ್ಡಿನ ಮುಂಭಾಗವೆಲ್ಲ ಒಂದೇ ಮುಚ್ಚಳದಂತೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಚಕ್ರ, ಎಂಜಿನು ಎಲ್ಲವೂ ಕೈಗೆ ಎಟುಕುತ್ತಿದ್ದವು. ಆದ್ದರಿಂದ ಮೆಕ್ಯಾನಿಕ್ಕುಗಳಿಗೆ ಅದರ ಮೇಲೆ ವಿಶೇಷ ಪ್ರೀತಿ.

ಹಳೆಯ ಕಾರನ್ನು ಓಡುವಂತೆ ಇಟ್ಟವರು ಈ ಮೆಕ್ಯಾನಿಕ್ಕುಗಳೇ. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರು ಪುಣ್ಯ ಮಾಡಿತ್ತು. ಆಡುಗೋಡಿಯಲ್ಲಿ ಮೈಕೊ ಕಾರಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನಿನ ಪಂಪುಗಳನ್ನೂ ತಯಾರಿಸುತ್ತಿತ್ತು. ಆ ಕಂಪನಿ ಆರಂಭವಾದದ್ದು 1951ರಲ್ಲಿ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮೈಕೊ ಲೇಔಟು ಅದರ ಹೆಸರನ್ನೇ ಹೊತ್ತಿದೆ. ಎಚ್.ಎ.ಎಲ್., ಎಚ್.ಎಂ.ಟಿ.ಗಳ ಕೆಲಸಗಾರರೂ ಊರಿನಲ್ಲಿ ತುಂಬಿದ್ದರು. ಲೇತಿನ ಮುಂದೆ ನಿಂತು ಕೂದಲೆಳೆಯ ಅಳತೆಗೆ ಲೋಹ ಕಡೆಯಬಲ್ಲ ಜನ ಇಷ್ಟು ಮಂದಿ ಇದ್ದ ಊರಿನಲ್ಲಿ ಸಿಗದ ಬಿಡಿಭಾಗವನ್ನು ಮಾಡಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ, ಶಿವಾಜಿನಗರದ ಗುಜರಿಯಲ್ಲಿ ಬಾಗಿಲು ಬಂಪರು, ವಿಲ್ಸನ್ ಗಾರ್ಡನ್ನಿನ ಗ್ಯಾರೇಜುಗಳಲ್ಲಿ ಟಿಂಕರಿಂಗು. ಹೊಗೆ ನೀಲಿ ಬಣ್ಣಕ್ಕೆ ತಿರುಗಿದರೆ ಎಂಜಿನು ಎಣ್ಣೆ ಕುಡಿಯುತ್ತಿದೆ, ಬೋರು ಮಾಡಿಸಬೇಕು ಎಂದು ಆ ಕಾಲದ ಗೃಹಸ್ಥರಿಗೂ ತಿಳಿದಿತ್ತು. ಕಾರು ಇಟ್ಟುಕೊಳ್ಳುವುದೆಂದರೆ ಒಂದು ಹಸುವನ್ನು ಸಾಕಿದಂತೆ. ಅದರ ಮೈ ನೋಡಿ, ಉಸಿರು ಕೇಳಿ ಅದರ ಆರೋಗ್ಯ ತಿಳಿಯಬೇಕಾಗಿತ್ತು.

ಅಗ್ಗದ ಕಾರನ್ನು ತಾನೇ ಏಕೆ ಮಾಡಬಾರದು ಎಂದು ನಮ್ಮ ಊರೂ ಒಮ್ಮೆ ಪ್ರಯತ್ನಿಸಿತು. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಪುಟ್ಟ ಕಾರನ್ನು ಹೊರತಂದಿತು. ಮೈಯೆಲ್ಲ ತಗಡಿನ ಬದಲು ಗಾಜಿನ ನಾರಿನದು. ಅದೇ ಸಂಸ್ಥೆ ಸಿಪಾನಿ ಎಂಬ ಹೆಸರಿನಿಂದ 1982ರಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಚಕ್ರದ ಕಾರನ್ನು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರೇ ಅದಕ್ಕೆ ಮಾದರಿ. ಹಗುರವಾದ ಮೈ, ಎರಡೇ ಬಾಗಿಲು, 848 ಸಿ.ಸಿ. ಎಂಜಿನು. ತುಕ್ಕು ಹಿಡಿಯದ ಕಾರು, ರ‍್ಯಾಲಿಗಳಲ್ಲಿ ಓಡಿ ಹೆಸರು ಗಳಿಸಿದ ಕಾರು. ಆದರೆ ಅದು ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಎದುರಿಗೆ ಇನ್ನೊಂದು ಕಾರು ಬಂದು ನಿಂತಿತು.

ಅದು ಮಾರುತಿ 800. ಜಪಾನಿನ ಸುಜುಕಿ ಕಂಪನಿಯೊಡನೆ 1982ರಲ್ಲಿ ಒಪ್ಪಂದವಾಗಿ, 1983ರ ಡಿಸೆಂಬರ್ 14ರಂದು ಮೊದಲ ಕಾರು ಹೊರಬಂದಿತು. ಬೆಲೆ ಸುಮಾರು ಐವತ್ತು ಸಾವಿರ ರೂಪಾಯಿ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಬೆಳಗಿನ ಚಳಿಯಲ್ಲಿ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು ಎಂಬುದೇ ಫಿಯಟ್ಟನ್ನು ತಳ್ಳಿ ಅಭ್ಯಾಸವಿದ್ದವರಿಗೆ ದೊಡ್ಡ ವಿಸ್ಮಯ. ಮೊದಮೊದಲು ಇದಕ್ಕೂ ಸರದಿ ಇತ್ತು, ಹತ್ತು ಸಾವಿರ ರೂಪಾಯಿ ಮುಂಗಡವಿತ್ತು. ಆದರೆ ಕಾರಖಾನೆ ದೊಡ್ಡದು. ವರ್ಷ ಕಳೆದಂತೆ ಸರದಿ ಕರಗಿತು. 1993ರಲ್ಲಿ ಕಾರಿನ ಕೈಗಾರಿಕೆಗೆ ಲೈಸೆನ್ಸಿನ ಅಗತ್ಯವೇ ತಪ್ಪಿತು. ಕೊರಿಯ, ಅಮೆರಿಕ, ಯೂರೋಪುಗಳ ಕಂಪನಿಗಳು ಬಂದವು.

ಆಗ ಹಳೆಯ ಕಾರಿನ ಬೆಲೆ ಮತ್ತೆ ಕೆಳಗಿಳಿಯಿತು. ಹೊಸ ಕಾರು ಹಣ ಕೊಟ್ಟ ದಿನವೇ ಸಿಗುವಾಗ ಹಳೆಯದಕ್ಕೆ ಹೆಚ್ಚು ಕೊಡುವವರು ಯಾರು? ಬ್ಯಾಂಕುಗಳು ಕಂತಿನ ಮೇಲೆ ಸಾಲ ಕೊಡತೊಡಗಿದವು. ಹೊಸ ಕಾರು ಕೊಂಡವರು ಐದು ವರ್ಷಕ್ಕೆ ಅದನ್ನು ಮಾರಿ ಇನ್ನೊಂದು ಕೊಳ್ಳತೊಡಗಿದರು. ಅವರು ಬಿಟ್ಟ ಕಾರು ಮೇಷ್ಟರ ಮನೆಗೆ, ಗುಮಾಸ್ತರ ಮನೆಗೆ, ಅಂಗಡಿಯವರ ಮನೆಗೆ ಬಂತು. 2001ರಲ್ಲಿ ಮಾರುತಿ ಕಂಪನಿಯೇ ಹಳೆಯ ಕಾರುಗಳನ್ನು ಪರೀಕ್ಷಿಸಿ ಮಾರುವ ಅಂಗಡಿಗಳನ್ನು ತೆರೆಯಿತು. ಅಷ್ಟು ಹೊತ್ತಿಗೆ ಜಯನಗರ ಊರಿನ ಅಂಚಾಗಿ ಉಳಿದಿರಲಿಲ್ಲ. ಸಾರಕ್ಕಿಯ ಸುತ್ತ ಜಯಪ್ರಕಾಶ ನಾರಾಯಣರ ಹೆಸರಿನ ನಗರ ಎದ್ದಿತ್ತು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಸೇರಿ ಬಿ.ಟಿ.ಎಂ. ಆಗಿತ್ತು. ಬನಶಂಕರಿ ಹಂತ ಹಂತವಾಗಿ ಬೆಳೆದಿತ್ತು. ಕಾರಿನ ಹಣೆಯ ಮೇಲಿನ ಎಂ.ವೈ., ಸಿ.ಎ. ಅಕ್ಷರಗಳು ಹೋಗಿ, 1988ರ ಮೋಟಾರು ವಾಹನ ಕಾಯಿದೆಯ ತರುವಾಯ ಕೆ.ಎ. ಬಂದಿತ್ತು, ಜಯನಗರದ ಕಚೇರಿಯದು ಕೆ.ಎ. 05. ಈ ಬಡಾವಣೆಗಳ ಪೋರ್ಟಿಕೋಗಳಲ್ಲಿ ನಿಂತ ಮೊದಲ ಕಾರು ಅನೇಕ ಮನೆಗಳಲ್ಲಿ ಎರಡನೆಯ ಕೈಯ ಮಾರುತಿ. ಹೊಗೆಯ ಹೊಸ ನಿಯಮ ಬಂದಾಗ, 2010ರ ಏಪ್ರಿಲಿನಲ್ಲಿ, ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಲ್ಲಿ ಮಾರುತಿ 800ರ ಹೊಸ ಮಾರಾಟ ನಿಂತಿತು. 2014ರಲ್ಲಿ ತಯಾರಿಕೆಯೂ ನಿಂತಿತು. ಅದೇ ವರ್ಷ ಅಂಬಾಸಿಡರೂ ವಿಶ್ರಾಂತಿ ಪಡೆಯಿತು.

ಹಾಗಾದರೆ ಇಂದು ಹಳೆಯ ಕಾರು ಕೊಳ್ಳುವವರಿಗೆ ಸುಗ್ಗಿಯೆ? ಬೆಲೆಯ ಮಟ್ಟಿಗೆ ಹೌದು. ಆದರೆ ಕಣ್ಣಿಗೆ ಕಾಣದ ದೋಷಗಳು ಹೆಚ್ಚಿವೆ. ಹಿಂದೆ ಎಂಜಿನಿನ ಸದ್ದು ಕೇಳಿ ಅದರ ಕಾಯಿಲೆ ಹೇಳಬಹುದಾಗಿತ್ತು; ಈಗ ಒಳಗೆ ಕಂಪ್ಯೂಟರು ಕುಳಿತಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರುಗಳ ಕಡೆ ಕಾರುಗಳು ಕಿಟಕಿಯವರೆಗೆ ಮುಳುಗಿದ್ದನ್ನು ನೀವು ಕಂಡಿರಿ. ಹಾಗೆ ನೀರು ಕುಡಿದ ಕಾರನ್ನು ತೊಳೆದು ಒರೆಸಿ ಬಣ್ಣ ಹಚ್ಚಿದರೆ ಮದುವಣಗಿತ್ತಿಯಂತೆ ಕಾಣುತ್ತದೆ. ಆರು ತಿಂಗಳ ಮೇಲೆ ತಂತಿಗಳು ಒಂದೊಂದಾಗಿ ಕೈಕೊಡುತ್ತವೆ. ನೆಲಹಾಸನ್ನು ಎತ್ತಿ ಕೆಳಗಿನ ಮಣ್ಣನ್ನೂ, ಸೀಟಿನಡಿಯ ಕಂಬಿಗಳ ತುಕ್ಕನ್ನೂ, ಸೀಟು ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿಯ ಕಲೆಯನ್ನೂ ನೋಡುವುದು ಜಾಣತನ. ಮೀಟರಿನ ಅಂಕಿಯನ್ನು ನಂಬುವುದಕ್ಕಿಂತ, ಕ್ಲಚ್ಚಿನ ಪೆಡಲು ಎಷ್ಟು ಸವೆದಿದೆ ಎಂದು ನೋಡುವುದು ಮೇಲು.

ವಯಸ್ಸಿನ ಲೆಕ್ಕವೂ ಉಂಟು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷದವರೆಗೆ ನಡೆಯುತ್ತದೆ. ಅನಂತರ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ರೂಪಾಯಿ ಆಯಿತು. ಹದಿಮೂರು ವರ್ಷದ ಕಾರು ಬಹಳ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮುಂಚೆ ಈ ಖರ್ಚನ್ನೂ ಕೂಡಿಸಿ ನೋಡಬೇಕು.

ಇನ್ನು ಆಗಲೇ ಹೇಳಿದ ಹೆಸರಿನ ವಿಷಯಕ್ಕೆ ಬರೋಣ. ಕಾಯಿದೆಯ ಪ್ರಕಾರ ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ ಹೆಸರು ಬದಲಾಯಿಸಬೇಕು. 29 ಮತ್ತು 30ನೆಯ ಸಂಖ್ಯೆಯ ಫಾರಂಗಳು ಇದಕ್ಕಾಗಿಯೇ ಇವೆ. ಆದರೆ ಹಣ ಎಣಿಸಿಕೊಂಡು, ಫಾರಂಗಳಿಗೆ ರುಜು ಹಾಕಿ, “ನೀವೇ ಮಾಡಿಸಿಕೊಳ್ಳಿ ಸ್ವಾಮಿ” ಎಂದು ಕೈತೊಳೆದುಕೊಳ್ಳುವ ಪದ್ಧತಿ ಇನ್ನೂ ಬಿಟ್ಟಿಲ್ಲ. ಇದರ ಫಲವೇನು? ಉತ್ತರ ಭಾರತದ ಒಂದು ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದ್ದರು. ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು. ನೋಂದಣಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಹೇಳಿದ್ದು ಇಷ್ಟು: ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ. ಮನೆಯವರನ್ನು ಕಳೆದುಕೊಂಡವರು ಪರಿಹಾರಕ್ಕಾಗಿ ಕಾರಿನ ಕೈಬದಲಾವಣೆಗಳ ಜಾಡು ಹಿಡಿದು ಅಲೆಯಬಾರದು ಎಂಬುದು ಅದರ ನ್ಯಾಯ.

ಯೋಚಿಸಿ ನೋಡಿ. ಕಾರು ಮಾರಿ ಎರಡು ವರ್ಷವಾದ ಮೇಲೆ, ಅದು ಯಾವ ಊರಿನಲ್ಲಿದೆ ಎಂಬುದೂ ತಿಳಿಯದೆ ಮನೆಯಲ್ಲಿ ಕುಳಿತವರ ಬಾಗಿಲಿಗೆ ಇಂಥ ಹೊಣೆ ಬಂದು ನಿಲ್ಲಬಹುದು. ಕಾರಿಗೆ ಬಂದ ಹಣ ಒಂದು ಲಕ್ಷ, ತೆರಬೇಕಾದ್ದು ಅದರ ಎಷ್ಟೋ ಪಟ್ಟು ಆಗಬಹುದು. ಇತ್ತ ಕೊಂಡವರ ಪಾಡೂ ಕ್ಷೇಮವಲ್ಲ. ಮಾರಿದವರು ಕಾಲವಾದರೆ ಅವರ ಮಕ್ಕಳ ಮುಂದೆ ಹೋಗಿ ರುಜುವಿಗೆ ಕೈಜೋಡಿಸಬೇಕು. ಬ್ಯಾಂಕಿನ ಸಾಲ ತೀರದ ಕಾರಾದರೆ, ಸಾಲ ತೀರಿಸದ ಹೊರತು ಅದು ನಿರಾತಂಕವಾಗಿ ಅವರದಾಗುವುದಿಲ್ಲ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಪಡೆದು ನೋಂದಣಿಯಿಂದ ಆ ನಮೂದನ್ನು ತೆಗೆಸಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿಯ ಕಚೇರಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು, ತೆರಿಗೆಯನ್ನು ಇಲ್ಲಿ ಕಟ್ಟಬೇಕು. ವಿಮೆಯನ್ನೂ ಹೊಸ ಹೆಸರಿಗೆ ಮಾಡಿಸಬೇಕು. ಹಿಂದಿನವರು ಸಿಗ್ನಲ್ಲು ದಾಟಿದ ದಂಡಗಳು ಬಾಕಿ ಇವೆಯೆ ಎಂದು ಮೊದಲೇ ನೋಡಿಕೊಳ್ಳಬೇಕು. ಇವೆಲ್ಲವನ್ನೂ ಇಂದು ಮನೆಯಲ್ಲೇ ಕುಳಿತು ಸರ್ಕಾರದ ದಾಖಲೆಯಲ್ಲಿ ನೋಡಬಹುದು. ಟೈರು ತಟ್ಟಲು ತೆಗೆದುಕೊಳ್ಳುವಷ್ಟು ಹೊತ್ತು ಇದಕ್ಕೂ ಸಾಕು.

ಸರ್ಕಾರವೂ ಈ ದೋಷವನ್ನು ಕಂಡಿದೆ. ಹಳೆಯ ಕಾರಿನ ವ್ಯಾಪಾರಿಗಳಿಗೆ ಅಧಿಕೃತ ಮನ್ನಣೆ ಕೊಟ್ಟು, ಮಾರಾಟಕ್ಕೆ ಬಂದ ಕಾರು ಅವರ ವಶದಲ್ಲಿರುವಷ್ಟು ಕಾಲ ಹೊಣೆಯೂ ಅವರದೇ ಆಗುವಂತೆ 2022ರ ಡಿಸೆಂಬರಿನಲ್ಲಿ ನಿಯಮ ಮಾಡಿತು. 2023ರ ಏಪ್ರಿಲಿನಿಂದ ಅದು ಜಾರಿಗೆ ಬಂತು. ನಿಯಮ ಒಳ್ಳೆಯದು. ಆದರೆ ಎದುರುಮನೆಯವರಿಂದಲೋ ಆಫೀಸಿನ ಸ್ನೇಹಿತರಿಂದಲೋ ಕೊಳ್ಳುವಾಗ ನಡುವೆ ವ್ಯಾಪಾರಿ ಇರುವುದಿಲ್ಲ. ಅಲ್ಲಿ ದಾಕ್ಷಿಣ್ಯವಿರುತ್ತದೆ. “ನಮ್ಮ ರಾಯರ ಹತ್ತಿರ ಕಾಗದದ ಮಾತೆತ್ತುವುದು ಹೇಗೆ?” ಎಂಬ ಸಂಕೋಚವೇ ಎಷ್ಟೋ ವ್ಯಾಜ್ಯಗಳ ಬೀಜ. ನಿಜವಾಗಿ ನೋಡಿದರೆ ಹೆಸರು ಬದಲಾಯಿಸಿಕೊಡುವುದು ಅಪನಂಬಿಕೆಯಲ್ಲ, ಸ್ನೇಹವನ್ನು ಕಾಪಾಡುವ ಉಪಾಯ.

ಕೊಂಡದ್ದಾಯಿತು, ಹೆಸರೂ ಬದಲಾಯಿತು, ಇಟ್ಟುಕೊಳ್ಳುವುದು ಹೇಗೆ? ಜಯನಗರದ ಹಳೆಯ ಮನೆಗಳಲ್ಲಿ ಕಾರಿಗೆ ಒಂದು ಷೆಡ್ಡು ಇತ್ತು. ಆ ಮನೆಗಳು ಇಂದು ನಾಲ್ಕು ಅಂತಸ್ತಿನವಾಗಿವೆ, ಷೆಡ್ಡು ಅಂಗಡಿಯಾಗಿದೆ, ಕಾರು ಬೀದಿಗೆ ಬಂದಿದೆ. ನಿಲ್ಲಿಸಲು ಜಾಗವಿಲ್ಲದೆ ಕಾರು ಕೊಂಡರೆ ನೆರೆಯವರ ಗೇಟಿನ ಮುಂದೆ ಪ್ರತಿದಿನವೂ ಒಂದು ಮಾತು ಬೆಳೆಯುತ್ತದೆ. ಇನ್ನೊಂದು ಸಂಗತಿಯೂ ಇದೆ. 1948ರಲ್ಲಿ ದೂರವಾಗಿದ್ದ ಜಯನಗರಕ್ಕೆ 2017ರಲ್ಲಿ ಮೆಟ್ರೊ ರೈಲು ಬಂತು. ಅದೇ ಹಸಿರು ಮಾರ್ಗ ಬನಶಂಕರಿ, ಜೆ.ಪಿ. ನಗರಗಳನ್ನೂ ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದು ಬಿ.ಟಿ.ಎಂ. ಬಡಾವಣೆಗೂ ನಿಲ್ದಾಣವಾಯಿತು. ದಿನದ ಓಡಾಟಕ್ಕೆ ರೈಲು ಇರುವಾಗ ಕಾರಿನ ಕೆಲಸ ಕಡಮೆಯಾಗುತ್ತದೆ: ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮದುವೆಗೆ ಹೋಗುವುದು, ವರ್ಷಕ್ಕೊಮ್ಮೆ ಊರಿಗೆ ಹೋಗುವುದು. ಇಷ್ಟಕ್ಕೆ ದೊಡ್ಡ ಸಾಲ ಮಾಡಿ ಹೊಸ ಕಾರು ಏಕೆ? ಒಂದು ಒಳ್ಳೆಯ ಹಳೆಯ ಸಣ್ಣ ಕಾರು ಧಾರಾಳವಾಗಿ ಸಾಕು. ಕೊಂಡ ಬೆಲೆಯ ಜೊತೆಗೆ ಮೊದಲ ವರ್ಷದ ಟೈರು, ಬ್ಯಾಟರಿ, ವಿಮೆಗಳಿಗೆಂದು ಸ್ವಲ್ಪ ಹಣ ಬೇರೆ ಎತ್ತಿಟ್ಟಿದ್ದರೆ ಸಂಸಾರದ ನೆಮ್ಮದಿ ಕೆಡುವುದಿಲ್ಲ.

ಮತ್ತೆ ಆ ಹೊಂಗೆಯ ಮರದಡಿಗೆ ಹೋಗೋಣ. ಮೆಕ್ಯಾನಿಕ್ಕು ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು, “ಗಾಡಿ ಚೆನ್ನಾಗಿದೆ ಸಾರ್, ತೊಗೋಬಹುದು” ಎಂದಿದ್ದಾನೆ. ಬೆಲೆ ಕುದುರಿದೆ. ಮನೆಯಾಕೆ ನಿಂಬೆಹಣ್ಣು ತರಲು ಹುಡುಗನನ್ನು ಅಂಗಡಿಗೆ ಕಳಿಸುತ್ತಿದ್ದಾರೆ. ನಾಲ್ಕು ಚಕ್ರಕ್ಕೂ ಒಂದೊಂದು ಇಟ್ಟು ಹೊರಡಿಸಬೇಕಲ್ಲ. ನಿಂಬೆಹಣ್ಣು ದೃಷ್ಟಿಯನ್ನು ಕಳೆದೀತು, ಹಿಂದಿನವರ ಹೆಸರನ್ನು ಕಳೆಯಲಾರದು. ಆದ್ದರಿಂದ ಮೊದಲು ನೋಂದಣಿ ಪತ್ರವನ್ನು ಕೇಳಿ ತೆಗೆದುಕೊಂಡು, ಅದರ ಮೇಲಿನ ಹೆಸರನ್ನು ಒಮ್ಮೆ ಓದಿ. ಸೋಮವಾರ ಬೆಳಗ್ಗೆ ಮಾರಿದವರೂ ಕೊಂಡವರೂ ಕೂಡಿಯೇ ಆ ಹೆಸರಿನ ಕೆಲಸವನ್ನು ಶುರುಮಾಡಿಬಿಡಿ. ಹೊಸ ಪತ್ರ ಕೈಗೆ ಬಂದ ದಿನವೇ ಹಳೆಯ ಕಾರಿಗೆ ನೀವು ಹೊಸ ಯಜಮಾನರು.